ಮಿಡಿತಕ್ಕೂ ಒಂದು ಪಾಠ

ಹೃದಯವೆಂದರೆ ಕವಿಗಳಿಗೆ ಕರುಣೆಯ ನೆಲೆ; ವೈದ್ಯರಿಗೆ ವಿದ್ಯುತ್ತಿನಿಂದ ಮಿಡಿಯುವ ಸ್ನಾಯು. ಆ ವಿದ್ಯುತ್ತನ್ನು ಮೈಮೇಲಿನಿಂದಲೇ ನಿಖರವಾಗಿ ಅಳೆಯುವ ವಿಧಾನವನ್ನು ರೂಪಿಸಿದ ಐಂಟ್‌ಹೋವೆನ್ ಅವರಿಗೆ 1924ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಈಗಿನ ವಿಜ್ಞಾನಿಗಳು ಪ್ರಯೋಗಶಾಲೆಯ ಬಟ್ಟಲಿನಲ್ಲಿ ಹೃದಯದ ತುಣುಕನ್ನೇ ಬೆಳೆಸಿ ಅದರ ಮಿಡಿತವನ್ನು ಆಲಿಸುತ್ತಿದ್ದಾರೆ. ಇದರಿಂದ ಹೊಸೂರು ಸೀಮೆಯವರಾದ ನಮಗೇನು ಎಂದು ಕೇಳುವವರ ಮುಂದೆ ನಮ್ಮ ತರಗತಿಯ ಒಂದು ಪ್ರಶ್ನೆಯನ್ನು ಇಡುತ್ತೇವೆ.

ನಮ್ಮ ಬಾಲಕನೊಬ್ಬನ ತಂದೆ ನಲವತ್ತು ತುಂಬುವ ಮೊದಲೇ ಹೊಲದಲ್ಲಿ ಕುಸಿದು ತೀರಿಕೊಂಡರು. ಹೃದಯದ ಸ್ನಾಯು ದಪ್ಪವಾಗಿತ್ತೆಂದು ವೈದ್ಯರು ಹೇಳಿದರಂತೆ. ಕೆಲವು ದಿನಗಳ ಮೇಲೆ ಬಾಲಕನು, “ಮೇಷ್ಟ್ರೇ, ನನಗೂ ಹಾಗೇ ಆಗುತ್ತದೆಯೇ?” ಎಂದು ಕೇಳಿದನು. ಇಂಥ ರೋಗವು ವಂಶದಲ್ಲಿ ಇಳಿದುಬರುವುದುಂಟು. ಮಕ್ಕಳೆಲ್ಲರ ಹೃದಯವನ್ನೂ ತಪಾಸಣೆ ಮಾಡಿಸಬೇಕೆಂದು ಅವನ ತಾಯಿಯವರಿಗೆ ತಿಳಿಸಿದೆವು. ಆದರೂ ಪ್ರಶ್ನೆ ನಮ್ಮ ಮನಸ್ಸಿನಲ್ಲಿ ಉಳಿಯಿತು.

ದಂಡಪಾಣಿ ಮತ್ತು ಅವರ ಸಂಗಡಿಗರು 2009ರಲ್ಲಿ ಪ್ರಕಟಿಸಿದ ಶೋಧನೆಯಂತೆ, ಭಾರತೀಯರಲ್ಲಿ ನೂರಕ್ಕೆ ಸುಮಾರು ನಾಲ್ವರ ಹೃದಯಸ್ನಾಯುವಿನ ಒಂದು ಜೀನಿನಲ್ಲಿ 25 ಅಕ್ಷರಗಳು ಬಿಟ್ಟುಹೋಗಿವೆ. ಅವರೆಲ್ಲರಿಗೂ ರೋಗ ಬರುವುದಿಲ್ಲ. ಬರುವ ಸಂಭವ ಮಾತ್ರ ಹೆಚ್ಚು. ಕಾರಣವನ್ನರಿಯಲು ಬದುಕಿರುವವರ ಹೃದಯವನ್ನು ಕೊಯ್ದು ನೋಡಲಾದೀತೆ? ಇಲ್ಲಿ ಜಪಾನಿನ ಯಾಮಾನಾಕಾ ಅವರ ವಿದ್ಯೆ ನೆರವಾಗುತ್ತದೆ. ಮನುಷ್ಯನ ಚರ್ಮದ ಕೋಶವನ್ನು ಎಳೆಯ ಸ್ಥಿತಿಗೆ ಮರಳಿಸಬಹುದೆಂದು ಅವರು 2007ರಲ್ಲಿ ತೋರಿಸಿದರು. ಅಂಥ ಕೋಶವನ್ನು ಹೃದಯದ ಕೋಶವಾಗಿ ಬೆಳೆಸಬಹುದು. ನೆರೆಯ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿಯೂ ಆಕರಕೋಶಗಳ ಮತ್ತು ಹೃದಯಸ್ನಾಯುವಿನ ರೋಗಗಳ ಅಭ್ಯಾಸ ನಡೆಯುತ್ತಿದೆ.

ಆದರೆ ಬಟ್ಟಲಿನ ತುಣುಕು ಇನ್ನೂ ಹುಟ್ಟದ ಶಿಶುವಿನ ಹೃದಯದಂತೆ ಎಳೆಯದು; ಮಿಡಿದಾಗಲೆಲ್ಲ ಅಲುಗುವಂಥದು. ಯಂತ್ರಗಳಲ್ಲಿ ಬಳಸುವ ಸಿಲಿಕಾನ್ ಅದಕ್ಕಿಂತ ಲಕ್ಷಾಂತರ ಪಾಲು ಗಡುಸು. ಗಡುಸಾದುದು ತಾಗಿದರೆ ಕೋಶಗಳು ನೋಯುತ್ತವೆ, ಅಳತೆಯೂ ಕೆಡುತ್ತದೆ. ಆದುದರಿಂದ ಹಾರ್ವರ್ಡಿನ ಜಿಯಾ ಲಿಯು ಮತ್ತು ಸಂಗಡಿಗರು 2019ರಲ್ಲಿ ಕೂದಲಿಗಿಂತ ತೆಳ್ಳಗಿನ, ಹಿಗ್ಗಬಲ್ಲ ಜಾಲರಿಯೊಂದನ್ನು ಕೋಶಗಳ ಹಾಳೆಯಲ್ಲಿ ಸೇರಿಸಿದರು. ಹಾಳೆ ಮಡಿಚಿಕೊಂಡು ಉಂಡೆಯಾದಂತೆ ಜಾಲರಿಯೂ ಅದರೊಡನೆ ಮಡಿಚಿಕೊಂಡು ಒಳಗಿನಿಂದಲೇ ಮಿಡಿತವನ್ನು ತಿಳಿಸತೊಡಗಿತು.

ಆಲಿಸುವುದರ ಜೊತೆಗೆ ಕಲಿಸುವುದೂ ಬೇಕಲ್ಲವೆ? ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದವರು 2018ರಲ್ಲಿ ಅದನ್ನೂ ಮಾಡಿ ತೋರಿಸಿದರು. ಎಳೆಯ ತುಣುಕಿಗೆ ಮೊದಲು ಸೆಕೆಂಡಿಗೆ ಎರಡು ಸಲ ವಿದ್ಯುತ್ತಿನ ತಟ್ಟು ಕೊಟ್ಟರು. ದಿನದಿನವೂ ತುಸು ಏರಿಸುತ್ತ ಎರಡು ವಾರಗಳಲ್ಲಿ ಆರಕ್ಕೆ ತಂದರು. ಹೀಗೆ ಕಲಿತ ತುಣುಕುಗಳು ಬಲಿತವು. ಒಂದೇ ವೇಗದಲ್ಲಿ ತಟ್ಟಿಸಿಕೊಂಡವು ಅಷ್ಟು ಬಲಿಯಲಿಲ್ಲ.

ಇವೆಲ್ಲ ಇನ್ನೂ ಪ್ರಯೋಗಶಾಲೆಯ ಕಾರ್ಯಗಳು, ಚಿಕಿತ್ಸೆಯಲ್ಲ. ಆದರೂ ರೋಗಿಯದೇ ಕೋಶಗಳಿಂದ ಬೆಳೆದ ತುಣುಕಿನ ಮೇಲೆ ಔಷಧವನ್ನು ಮೊದಲು ಪರೀಕ್ಷಿಸುವ ದಾರಿ ಇದರಿಂದ ತೆರೆಯುತ್ತಿದೆ. ಉಪಾಧ್ಯಾಯ ಬಂಧುಗಳು ಇದರಲ್ಲಿ ನಮ್ಮ ವೃತ್ತಿಯ ತತ್ವವನ್ನೂ ಕಾಣಬಹುದು: ಮುಟ್ಟುವ ಕೈ ಮೆತ್ತಗಿದ್ದಲ್ಲದೆ ಮಿಡಿತ ತಿಳಿಯದು, ಮೆಟ್ಟಿಲು ಮೆಟ್ಟಿಲಾಗಿ ಏರಿಸಿದಲ್ಲದೆ ಬಲ ಬಾರದು.