ಹಲ್ಲು ಬಿಡು, ಮಗಳ

ವಿಮಾನದಲ್ಲಿ ಸೀಟ್ ಬೆಲ್ಟ್ ಹಾಕುವ 'ಟಕ್' ಸಪ್ಪಳ ಕೇಳಿದ ಕೂಡಲೇ ನನ್ನ ಹಲ್ಲು ಒಂದಕ್ಕೊಂದು ಕಚ್ಚಿಕೊಂಡುಬಿಡುತ್ತವೆ. ಬಹಳ ದಿನ ಇದು ನನಗೆ ಗೊತ್ತೇ ಆಗಿರಲಿಲ್ಲ. ಇಳಿದ ಮೇಲೆ ಕಿವಿಯ ಮುಂದೆ ಒಂಥರಾ ನೋವು, ತಲೆಯ ಎರಡೂ ಬದಿ ಹಿಂಡಿದ ಹಾಗೆ. ಲ್ಯಾಪ್‌ಟಾಪ್ ನೋಡಿ ನೋಡಿ ಹೀಗಾಗುತ್ತದೆ ಅಂತ ಮಾತ್ರೆ ನುಂಗಿ ಸುಮ್ಮನಾಗುತ್ತಿದ್ದೆ.

ಆಮೇಲೆ ಒಂದು ದಿನ ಹಲ್ಲಿನ ಡಾಕ್ಟರ್ ಕನ್ನಡಿ ಹಿಡಿದು ತೋರಿಸಿದರು. "ನೋಡಿ, ದವಡೆ ಹಲ್ಲು ಹೇಗೆ ಸವೆದಿವೆ. ನೀವು ಹಲ್ಲು ಕಡಿಯುತ್ತೀರಿ. ನಿದ್ದೆಯಲ್ಲಿ ಇರಬಹುದು, ಟೆನ್ಷನ್‌ನಲ್ಲಿ ಇರಬಹುದು." ನಾನು ನಕ್ಕೆ. ಟೆನ್ಷನ್ ಯಾರಿಗಿಲ್ಲ ಸರ್, ಅಂದೆ.

ನಮ್ಮೂರು ನಿಪ್ಪಾಣಿ. ಕೆಲಸ ಬೆಂಗಳೂರಲ್ಲಿ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಕಡೆಯಿಂದ ಬಂದು ಇಲ್ಲಿ ದುಡಿಯುವ ನಮ್ಮಂಥವರಿಗೆ ಊರು ಅಂದರೆ ಒಂದು ರಾತ್ರಿಯ ಪ್ರಯಾಣ. ರಾಯಬಾಗ, ಕುಡಚಿ, ಉಗಾರದವರಿಗಾದರೆ ರಾಣಿ ಚೆನ್ನಮ್ಮ ರೈಲಿದೆ. ನಮ್ಮ ನಿಪ್ಪಾಣಿಗೆ ರೈಲೇ ಇಲ್ಲ. ಹಾಗಾಗಿ ಬಸ್ಸು, ಇಲ್ಲದಿದ್ದರೆ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣ. ಊರಿನಿಂದ ಸಾಂಬ್ರಾಕ್ಕೆ ಹೆದ್ದಾರಿಯಲ್ಲಿ ಎರಡು ತಾಸು, ಅಲ್ಲಿಂದ ಬೆಂಗಳೂರಿಗೆ ಒಂದು ತಾಸು ಚಿಲ್ಲರೆ. ಅಪ್ಪ ಹೋದ ಮೇಲೆ ಅವ್ವ ಒಬ್ಬಳೇ ಆದಳು. ಆಗಿಂದ ನನ್ನ ವಿಮಾನದ ಓಡಾಟವೂ ಹೆಚ್ಚಾಯಿತು, ಹಲ್ಲು ಕಚ್ಚುವುದೂ ಹೆಚ್ಚಾಯಿತು.

ಅವ್ವ ಮೂವತ್ತು ವರ್ಷ ಬೀಡಿ ಕಟ್ಟಿದವಳು. ನಿಪ್ಪಾಣಿ ಅಂದರೆ ತಂಬಾಕು, ತಂಬಾಕು ಅಂದರೆ ನಿಪ್ಪಾಣಿ. ನಮ್ಮ ಓಣಿಯಲ್ಲಿ ಮಧ್ಯಾಹ್ನ ಯಾರ ಕಟ್ಟೆ ನೋಡಿದರೂ ಹೆಂಗಸರು ತೊಡೆಯ ಮೇಲೆ ಮೊರ ಇಟ್ಟುಕೊಂಡು ಕೂತಿರುತ್ತಿದ್ದರು. ಎಲೆ ಕತ್ತರಿಸು, ತಂಬಾಕು ತುಂಬು, ಸುತ್ತು, ದಾರ ಕಟ್ಟು. ಸಾವಿರ ಬೀಡಿಗೆ ಇಷ್ಟು ಅಂತ ಕೂಲಿ. ಅವ್ವನ ಹೆಬ್ಬೆರಳು, ತೋರುಬೆರಳು ಯಾವಾಗಲೂ ಕಂದು. ಎಷ್ಟು ತೊಳೆದರೂ ತಂಬಾಕಿನ ವಾಸನೆ ಹೋಗುತ್ತಿರಲಿಲ್ಲ. ಶಾಲೆಯಲ್ಲಿ ಗೆಳತಿಯರು ಗುರುತು ಹಿಡಿದಾರು ಅಂತ ನಾನು ಅವಳ ಕೈಯಿಂದ ಜಡೆ ಹಾಕಿಸಿಕೊಳ್ಳಲು ಹಿಂಜರಿದದ್ದುಂಟು. ಈಗ ಬರೆಯುವಾಗಲೂ ನಾಚಿಕೆ ಆಗುತ್ತದೆ.

ಆದರೆ ಅದೇ ಕೈಗೆ ಇಡೀ ಓಣಿಯಲ್ಲಿ ಹೆಸರಿತ್ತು. ಯಾರ ಮನೆಯಲ್ಲಿ ಬಾಣಂತಿ ಇದ್ದರೂ ಕೂಸಿಗೆ ಎಣ್ಣಿ ಹಚ್ಚಿ ಎರೆಯಲು ಅವ್ವನನ್ನೇ ಕರೆಯುತ್ತಿದ್ದರು. ಚಾಚಿದ ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ಮೊದಲು ಹಣೆ, ಆಮೇಲೆ ಹುಬ್ಬು, ಮೂಗು, ಗಲ್ಲ, ಗದ್ದ. ಅಳುತ್ತಿದ್ದ ಕೂಸು ಎರಡು ನಿಮಿಷಕ್ಕೆ ಕಣ್ಣು ಅರೆ ಮುಚ್ಚುತ್ತಿತ್ತು. ದೀಪಾವಳಿಗೆ ನಮಗೆಲ್ಲ ಎಣ್ಣಿ ಹಚ್ಚುವಾಗಲೂ ಅದೇ ಕ್ರಮ. ಬ್ಯಾಸಗಿಯಲ್ಲಿ ಕಣ್ಣು ಉರಿಯುತ್ತದೆ ಅಂದರೆ ಅಂಗಾಲಿಗೆ ತುಪ್ಪ ಹಚ್ಚಿ ಕಂಚಿನ ಬಟ್ಟಲಿನಿಂದ ತಿಕ್ಕುತ್ತಿದ್ದಳು.

ವಾಪಸ್ ಟಿಕೆಟ್

ಕಳೆದ ವರ್ಷ ಮಳೆಗಾಲದಲ್ಲಿ ಅವ್ವನಿಗೆ ಕೆಮ್ಮು ಹಿಡಿಯಿತು. ಒಂದೂವರೆ ತಿಂಗಳು ಬಿಡಲಿಲ್ಲ. ಪಕ್ಕದ ಮನೆಯ ಕಾಕು ಫೋನ್ ಮಾಡಿ ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು. ಊರಿಗೆ ಹೋದೆ, ಡಾಕ್ಟರಿಗೆ ತೋರಿಸಿದೆ. ಬೀಡಿ ಮೊರ ಅಟ್ಟಕ್ಕೆ ಏರಿಸಿದೆ. "ಎಂಟು ದಿನ ಬೆಂಗಳೂರಿಗೆ ಬಾ" ಅಂದೆ. ಒಪ್ಪಿದಳು.

ನಾನು ಹೇಳದೇ ಇದ್ದದ್ದು ಒಂದಿತ್ತು. ಅವಳಿಗೆ ತೆಗೆಸಿದ್ದು ಹೋಗುವ ಟಿಕೆಟ್ ಮಾತ್ರ. ಬಂದ ಮೇಲೆ ನಿಧಾನಕ್ಕೆ ಒಪ್ಪಿಸೋಣ, ಮನೆ ಬಾಡಿಗೆಗೆ ಕೊಡೋಣ, ಇನ್ನು ಇಲ್ಲೇ ಇರಲಿ ಅಂತ ನಾನೂ ನನ್ನ ಗಂಡನೂ ಮಾತಾಡಿಕೊಂಡಿದ್ದೆವು. ಅವಳ ಒಳ್ಳೆಯದಕ್ಕೇ ತಾನೇ?

ತವಂದಿ ಘಾಟ್ ದಾಟುವಾಗ ಕಾರಿನಲ್ಲಿ ಕೇಳಿದಳು, "ವಾಪಸ್ ಬರೂದು ಯಾವ ತಾರೀಖ ಐತಿ?"

"ಆಮ್ಯಾಲ ತಗಸ್ತೀನಿ ಬಿಡವ್ವ" ಅಂದೆ. ಅವಳು ಸುಮ್ಮನೆ ಹೊರಗೆ ನೋಡಿದಳು. ಸಂಕೇಶ್ವರ ಬಂತು, ಹತ್ತರಗಿ ಬಂತು, ಮಾತಿಲ್ಲ.

ಸಾಂಬ್ರಾದಲ್ಲಿ ಅವ್ವ ಹೆದರುತ್ತಾಳೆ ಅಂದುಕೊಂಡಿದ್ದೆ. ಎಲ್ಲಿಯ ಹೆದರಿಕೆ! ಸೆಕ್ಯೂರಿಟಿಯ ಹುಡುಗಿ ಹತ್ತಿರ ಅವಳ ಊರು ಯಾವುದು, ಮದುವೆ ಆಗಿದೆಯೋ ಇಲ್ಲವೋ ಎಲ್ಲ ಕೇಳಿ ಮುಗಿಸಿದಳು. ಕಿಟಕಿ ಸೀಟಿನಲ್ಲಿ ಕೂತು ಸೆರಗು ಸರಿ ಮಾಡಿಕೊಂಡಳು. ವಿಮಾನ ಓಡಿ ಎದ್ದಾಗ ಕೆಳಗೆ ಹೊಲ ನೋಡಿ, "ಅಯ್ಯ, ಕಬ್ಬಿನ ಹೊಲ ಕೌದಿ ಹಾಸಿದಂಗ ಕಾಣತೈತಿ" ಅಂದಳು.

ಹೆದರಿದವಳು ನಾನು. ಹಿಡಿಕೆ ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ ಕೂತಿದ್ದೆ. ಅಷ್ಟರಲ್ಲಿ ನನ್ನ ಗಲ್ಲದ ಮೇಲೆ ಎರಡು ಒರಟು ಬೆರಳು. ಅದೇ ವಾಸನೆ.

"ಏನ ಕಚಗೊಂಡ ಹಿಡದಿ ಬಾಯಾಗ?"

ಆ ಪ್ರಶ್ನೆ ಕೇಳಿ ನನ್ನ ಎದೆ ಧಸಕ್ಕೆಂದಿತು. "ಏನಿಲ್ಲ" ಅಂದೆ.

"ಹಲ್ಲು ಬಿಡು, ಮಗಳ" ಅಂದಳು. ಕಿವಿಯ ಮುಂದೆ, ಗಲ್ಲದ ಎಲುಬಿನ ಕೆಳಗೆ ಬೆರಳಿಟ್ಟು ಸಣ್ಣಗೆ ಸುತ್ತು ತಿರುಗಿಸಿದಳು. ಅಲ್ಲಿ ಗೋಲಿಯ ಹಾಗೆ ಗಟ್ಟಿ ಆಗಿತ್ತು. ಅಲ್ಲಿಂದ ಗದ್ದದವರೆಗೆ ಮೆಲ್ಲಗೆ ಇಳಿಸಿದಳು. ಪಕ್ಕದ ಸೀಟಿನವರು ಫೋನಿನಿಂದ ತಲೆ ಎತ್ತಿ ನೋಡಿದರು. ನನಗೆ ಮೂವತ್ತೊಂದು ವರ್ಷ, ಕೊರಳಲ್ಲಿ ಕಂಪನಿಯ ಐಡಿ ಕಾರ್ಡ್. ಎಲ್ಲರ ಎದುರು ಅವ್ವ ಕೂಸಿಗೆ ಹಚ್ಚಿದ ಹಾಗೆ ಮುಖ ತಿಕ್ಕುತ್ತಿದ್ದಾಳೆ. ನಾಚಿಕೆ ಆಗಬೇಕಿತ್ತು. ಆಗಲಿಲ್ಲ. ದವಡೆ ಸಡಿಲ ಆಯಿತು, ಅದರ ಜೊತೆ ಮಾತೂ ಬಂತು.

"ಅವ್ವ, ವಾಪಸ್ ಟಿಕೆಟ್ ತಗಸಿಲ್ಲ."

ಕೈ ನಿಲ್ಲಲಿಲ್ಲ. "ಗೊತ್ತೈತಿ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ನಾ ನಿನ್ನ ಮನಿಗೆ ಬರಾಕ ಒಲ್ಲೆ ಅನ್ನೂದಿಲ್ಲ. ಆದ್ರ ಬರೂದು ಹೋಗೂದು ನನ್ನ ಕೈಯಾಗ ಇರಲಿ. ನಿಮ್ಮಪ್ಪ ಕಟ್ಟಿಸಿದ ಮನಿ ಅದು. ಸಂಜಿಗೆ ಅಲ್ಲಿ ದೀಪ ಹಚ್ಚಬೇಕು." ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಬೆಂಗಳೂರಿನಲ್ಲಿ ಲಗೇಜಿಗೆ ಕಾಯುತ್ತ ನಿಂತಾಗಲೇ ಮೊಬೈಲಿನಲ್ಲಿ ವಾಪಸ್ ಟಿಕೆಟ್ ಬುಕ್ ಮಾಡಿ ತೋರಿಸಿದೆ. ತಾರೀಖು ಅವಳೇ ಹೇಳಿದಳು. ಎಂಟು ದಿನ ಅಂದವಳು ಹನ್ನೆರಡು ದಿನ ಇದ್ದಳು.

ನೀನ ಮಾಡ್ಕೋ

ಹೊರಡುವ ಮುನ್ನ ಅವ್ವ ಕನ್ನಡಿ ಮುಂದೆ ಕೂರಿಸಿ ಕಲಿಸಿದಳು. "ನಾ ಎಷ್ಟ ಸರ್ತಿ ವಿಮಾನದಾಗ ನಿನ್ನ ಜೋಡಿ ಬರ್ಲಿ? ನೀನ ಮಾಡ್ಕೋ." ಆಮೇಲೆ ನಾನೂ ಸ್ವಲ್ಪ ಓದಿಕೊಂಡೆ, ಡಾಕ್ಟರನ್ನೂ ಕೇಳಿದೆ. ಅವ್ವ ಹೇಳಿದ್ದಕ್ಕೆಲ್ಲ ಕಾರಣ ಇತ್ತು.

ನಾವು ಮೇಲೆ ಹಾರುವಾಗ ಕ್ಯಾಬಿನ್ ಒಳಗಿನ ಗಾಳಿಯ ಒತ್ತಡ ಸಾಮಾನ್ಯವಾಗಿ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟಿರುತ್ತದೆ. ನಮ್ಮ ಮುಳ್ಳಯ್ಯನಗಿರಿಯ ತುದಿ ಸುಮಾರು 6,300 ಅಡಿ. ಅಂದರೆ ಕೂತಲ್ಲೇ ಅಲ್ಲಿಗೆ ಹತ್ತಿದ ಹಾಗೆ. ಗಾಳಿಯಲ್ಲಿ ತೇವವೂ ಕಡಿಮೆ, ದೂರದ ಪ್ರಯಾಣದಲ್ಲಿ ಶೇ. 20ಕ್ಕಿಂತ ಕೆಳಗೆ ಇಳಿಯುತ್ತದೆ. ಕಣ್ಣು, ತುಟಿ, ಚರ್ಮ ಒಣಗುವುದು ಅದಕ್ಕೇ. ಇದರ ಮೇಲೆ ಅಂಜಿಕೆ. ಅಂಜಿದಾಗ ಮೊದಲು ಬಿಗಿಯಾಗುವ ಜಾಗಗಳಲ್ಲಿ ದವಡೆಯೂ ಒಂದು.

ಅಗಿಯಲು ಬೇಕಾದ ದೊಡ್ಡ ಸ್ನಾಯು ಮ್ಯಾಸೆಟರ್, ಗಲ್ಲದ ಎಲುಬಿನಿಂದ ದವಡೆಯ ಮೂಲೆಗೆ ಇಳಿದಿದೆ. ಇನ್ನೊಂದು ಟೆಂಪೊರಾಲಿಸ್, ಬೀಸಣಿಗೆಯ ಹಾಗೆ ಕಿವಿಯ ಮೇಲೆ ಹರಡಿದೆ. ಹಲ್ಲು ಕಚ್ಚಿ ಅಲ್ಲಿ ಬೆರಳಿಟ್ಟು ನೋಡಿ, ಉಬ್ಬುವುದು ಗೊತ್ತಾಗುತ್ತದೆ. ಹಲ್ಲು ಕಚ್ಚಿದರೆ ತಲೆ ಯಾಕೆ ನೋಯುತ್ತದೆ ಅಂತ ನನಗೆ ಅರ್ಥವಾದದ್ದು ಆಗಲೇ.

ನಾನು ಈಗ ಮಾಡುವುದು ಇಷ್ಟು. ಎಲ್ಲ ಸೇರಿ ಐದು ನಿಮಿಷ.

ಮೊದಲು ಕೈ ಸ್ವಚ್ಛ ಮಾಡಿಕೊಳ್ಳುತ್ತೇನೆ. ವಿಮಾನದ ಟ್ರೇ, ಬೆಲ್ಟ್ ಎಲ್ಲ ಮುಟ್ಟಿದ ಕೈ ಅದು. ಸ್ಯಾನಿಟೈಸರ್ ಪೂರ್ತಿ ಒಣಗಿದ ಮೇಲೆ ಅಂಗೈ ಉಜ್ಜಿ ಬೆಚ್ಚಗೆ ಮಾಡಿ, ಮುಖದ ಮೇಲೆ ಸುಮ್ಮನೆ ಇಟ್ಟುಕೊಂಡು ನಾಲ್ಕು ಉಸಿರು. ಚರ್ಮ ಒಣಗಿದ್ದರೆ ಒಂದು ಹನಿ ಕ್ರೀಮ್ ಅಥವಾ ಕೊಬ್ಬರಿ ಎಣ್ಣೆ, ಎಳೆದಾಟ ಆಗಬಾರದು ಅಷ್ಟೇ.

ಹಣೆಯ ನಡುವಿನಿಂದ ಎರಡೂ ಬದಿಗೆ ಬೆರಳು ಸರಿಸುವುದು, ಐದಾರು ಸಲ. ಹುಬ್ಬನ್ನು ಹೆಬ್ಬೆರಳು, ತೋರುಬೆರಳ ನಡುವೆ ಮೆಲ್ಲಗೆ ಹಿಡಿದು ಹಿಡಿದು ಬಿಡುವುದು. ಆಮೇಲೆ ಕಣ್ಣಿನ ಪಕ್ಕದ ತಗ್ಗಿನಲ್ಲಿ, ಕಿವಿಯ ಮೇಲೆ, ನಿಧಾನಕ್ಕೆ ಸುತ್ತು.

ದವಡೆಗೆ ಬಂದಾಗ ಬಾಯಿ ಸ್ವಲ್ಪ ತೆರೆದಿರಲಿ, ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗದಿರಲಿ. ಮೂರು ಬೆರಳಿಂದ ಗಟ್ಟಿ ಜಾಗ ಹುಡುಕಿ, ಸುತ್ತು ತಿರುಗಿಸಿ, ಗದ್ದದ ಕಡೆ ಇಳಿಸಿ. ಬಲ ಎಷ್ಟು? ಅವ್ವನ ಲೆಕ್ಕ: "ರೊಟ್ಟಿ ಹಿಟ್ಟು ನಾದಿದಂಗ ಅಲ್ಲ, ಹೋಳಿಗಿ ತಟ್ಟಿದಂಗ." ನೋವಾದರೆ ಜಾಸ್ತಿ ಆಯಿತು ಅಂತ ಅರ್ಥ.

ಕೊನೆಗೆ ಕಿವಿಯ ಹಾಲೆಗಳನ್ನು ಮೆಲ್ಲಗೆ ಕೆಳಗೆ ಎಳೆದು ಬಿಟ್ಟು, ಕತ್ತಿನ ಹಿಂದೆ, ತಲೆಬುರುಡೆ ಮುಗಿಯುವಲ್ಲಿ ಬೆರಳಿಂದ ಒತ್ತಿ ಮುಗಿಸುವುದು.

ಒಂದು ಮಾತು. ಇಳಿಯುವಾಗ ಕಿವಿ ಕಟ್ಟುವುದಕ್ಕೆ ಇದು ಔಷಧ ಅಲ್ಲ. ಕಿವಿಯ ಒಳಗಿನಿಂದ ಗಂಟಲಿಗೆ ಒಂದು ಸಣ್ಣ ಕೊಳವೆ ಇದೆ. ವಿಮಾನ ಇಳಿದಂತೆ ಕ್ಯಾಬಿನ್ ಒತ್ತಡ ಏರುತ್ತದೆ, ಆ ಕೊಳವೆ ತೆರೆಯದಿದ್ದರೆ ಕಿವಿಯ ತಮಟೆ ಒಳಗೆ ಜಗ್ಗುತ್ತದೆ. ಅದನ್ನು ತೆರೆಯುವುದು ನುಂಗುವುದು, ಆಕಳಿಸುವುದು, ಪೆಪ್ಪರ್‌ಮಿಂಟ್ ಚೀಪುವುದು. ಹಾಗಾಗಿ ಇಳಿಯುವ ಹೊತ್ತಿಗೆ ನಿದ್ದೆ ಮಾಡಬೇಡಿ. ಜೋರು ನೆಗಡಿ ಇದ್ದರೆ ಹತ್ತುವ ಮೊದಲೇ ಡಾಕ್ಟರನ್ನು ಕೇಳಿ. ಕಣ್ಣುಗುಡ್ಡೆಯ ಮೇಲೆ, ಕತ್ತಿನ ಮುಂಭಾಗದ ನಾಡಿಯ ಮೇಲೆ ಒತ್ತಬೇಡಿ. ಮುಖದ ಮೇಲೆ ಗಾಯ, ಕೀವು ತುಂಬಿದ ಮೊಡವೆ ಇದ್ದರೆ, ಇತ್ತೀಚೆಗೆ ಮುಖಕ್ಕೆ ಆಪರೇಷನ್ ಆಗಿದ್ದರೆ ಬಿಟ್ಟುಬಿಡಿ. ದವಡೆ ನೋವು ದಿನಾ ಇದ್ದರೆ ನನ್ನ ಹಾಗೆ ಮಾತ್ರೆ ನುಂಗುತ್ತ ಕೂರದೆ ಹಲ್ಲಿನ ಡಾಕ್ಟರಿಗೆ ತೋರಿಸಿ. ನನಗೂ ರಾತ್ರಿ ಹಲ್ಲಿಗೆ ಹಾಕಿಕೊಳ್ಳುವ ಗಾರ್ಡ್ ಕೊಟ್ಟಿದ್ದಾರೆ.

ಈಗ

ಅವ್ವ ನಿಪ್ಪಾಣಿಯಲ್ಲೇ ಇದ್ದಾಳೆ. ಬೀಡಿ ಬಿಟ್ಟಿದ್ದಾಳೆ, ಕೆಮ್ಮು ಕಡಿಮೆ ಆಗಿದೆ. ವರ್ಷಕ್ಕೆ ಎರಡು ಸಲ ಬರುತ್ತಾಳೆ, ಹೋಗುವ ತಾರೀಖು ಮೊದಲೇ ಹೇಳಿಯೇ ಬರುತ್ತಾಳೆ. ನನಗೆ ಪೂರ್ತಿ ಸಮಾಧಾನ ಆಗಿದೆ ಅಂತ ಹೇಳಿದರೆ ಸುಳ್ಳು. ರಾತ್ರಿ ಅವಳು ಫೋನ್ ಎತ್ತದಿದ್ದರೆ ಈಗಲೂ ಕಾಕುಗೆ ಫೋನ್ ಹಚ್ಚುತ್ತೇನೆ. ಆದರೆ ಅವಳ ಬಗ್ಗೆ ಅವಳಿಗೆ ಹೇಳದೆ ಏನನ್ನೂ ತೀರ್ಮಾನ ಮಾಡುವುದಿಲ್ಲ.

ಮೊನ್ನೆ ಸಾಂಬ್ರಾದಿಂದ ವಾಪಸ್ ಬರುವಾಗ ಒಬ್ಬಳೇ ಇದ್ದೆ. ಬೆಲ್ಟ್ ಹಾಕಿದೆ, ಹಲ್ಲು ಕಚ್ಚಿತು. ಗೊತ್ತಾಯಿತು. ಅಂಗೈ ಉಜ್ಜಿ ಗಲ್ಲದ ಮೇಲೆ ಇಟ್ಟುಕೊಂಡೆ. ನನ್ನ ಕೈಗೆ ಸ್ಯಾನಿಟೈಸರ್ ವಾಸನೆ. ಒಂದು ಕಾಲಕ್ಕೆ ಮುಚ್ಚಿಡಲು ನೋಡಿದ ಆ ತಂಬಾಕಿನ ವಾಸನೆ ಬೇಕು ಅನ್ನಿಸಿತು.

ಇಳಿದ ಕೂಡಲೇ ಅವ್ವನ ಫೋನ್ ಬಂತು. "ಮುಟ್ಟಿದಿ? ಹಲ್ಲು ಬಿಟ್ಟಿದ್ದಿಲ್ಲೋ?"

"ಹೂಂ ಅವ್ವ, ಬಿಟ್ಟಿದ್ದೆ."

"ಹಂಗಂತ ಎಲ್ಲಾರ ಮುಂದ ಹಲ್ಲ ಕಿಸಕೊಂಡ ಕುಂದರಬ್ಯಾಡ" ಅಂದು ಫೋನ್ ಇಟ್ಟಳು.