ಹಂಚಿನ ಚೂರು, ಮೀನಿನ ನೀರು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಳೆಯ ಮನೆಗಳಲ್ಲಿ ಬಸಳೆ ಚಪ್ಪರ ಎಲ್ಲಿದೆ ಎಂದು ಕೇಳಬೇಕಾಗಿಲ್ಲ. ಬಚ್ಚಲಿನ ನೀರು ಹರಿದು ಹೋಗುವ ದಿಕ್ಕಿಗೆ ನಡೆದರೆ ಸಿಗುತ್ತದೆ. ಮಿಂದ ನೀರು, ಅಕ್ಕಿ ತೊಳೆದ ನೀರು, ಮೀನು ತೊಳೆದ ನೀರು ಎಲ್ಲ ಬಸಳೆಯ ಬುಡಕ್ಕೆ. ಗುಡ್ಡದ ಸುರಂಗದಿಂದ ಇಳಿದ ನೀರು ಅಡಿಕೆ ಮರದ ದಂಬೆಯಲ್ಲಿ ಹರಿದು ಮೊದಲು ಮನೆಯ ತೊಟ್ಟಿಗೆ, ಅಲ್ಲಿಂದ ಹಟ್ಟಿಗೆ, ಕೊನೆಗೆ ತೋಟಕ್ಕೆ. ಒಂದೇ ನೀರಿಗೆ ನಾಲ್ಕು ಕೆಲಸ ಹಚ್ಚುವುದು ಇಲ್ಲಿನ ಹಿತ್ತಲುಗಳಿಗೆ ಎಂದಿನಿಂದಲೂ ಗೊತ್ತು. ಮೀನು ಸಾಕಿದ ನೀರಿನಲ್ಲಿ ಮಣ್ಣಿಲ್ಲದೆ ಸೊಪ್ಪು ಬೆಳೆದು, ಸೊಪ್ಪು ಸೋಸಿಕೊಟ್ಟ ನೀರನ್ನು ಮತ್ತೆ ಮೀನಿಗೆ ಬಿಡುವ ಆಕ್ವಾಪೋನಿಕ್ಸ್ ನನ್ನನ್ನು ಹಿಡಿದುಕೊಂಡದ್ದು ಈ ಕಾರಣಕ್ಕೇ. ಬಚ್ಚಲಿಗೂ ಬಸಳೆಗೂ ಇದ್ದ ಹಳೆಯ ನಂಟಿಗೆ ಯಾರೋ ಒಂದು ಸುತ್ತು ಕೂಡಿಸಿ ಪೂರ್ತಿ ಮಾಡಿದ್ದಾರೆ ಅನ್ನಿಸಿತು.

ಇದಕ್ಕೆ ಸಿದ್ಧ ಕಿಟ್ಟುಗಳು ಸಿಗುತ್ತವೆ. ದುಡ್ಡು ಕೊಟ್ಟು ತಂದರೆ ಒಂದು ಮಧ್ಯಾಹ್ನದಲ್ಲಿ ಜೋಡಿಸಿ ಮುಗಿಸಬಹುದು. ನನ್ನ ಸಂತೋಷವೆಲ್ಲ ಗುಜರಿ ಅಂಗಡಿಯಲ್ಲಿದೆ. ಖರ್ಚು ಕಡಿಮೆ ಎಂಬುದು ನಿಜ, ಆದರೆ ಅಷ್ಟೇ ಅಲ್ಲ. ಬೇರೆ ಯಾವುದಕ್ಕೋ ಹುಟ್ಟಿದ ವಸ್ತುವನ್ನು ಈ ಕೆಲಸಕ್ಕೆ ಕರೆಯಬೇಕಾದರೆ ಕೆಲಸವೇನೆಂದು ನಮಗೆ ಮೊದಲು ತಿಳಿದಿರಬೇಕು. ಈ ಪೈಪು ನೀರನ್ನು ಎತ್ತಬೇಕೋ ಇಳಿಸಬೇಕೋ, ಈ ಡ್ರಮ್ಮು ಭಾರ ಹೊರಬೇಕೋ ಬೆಳಕು ತಡೆಯಬೇಕೋ ಎಂದು ಯೋಚಿಸುತ್ತ ಯೋಚಿಸುತ್ತ ಇಡೀ ವ್ಯವಸ್ಥೆ ಕೈಗೆ ಬರುತ್ತದೆ.

ಬಂಟ್ವಾಳದಿಂದ ಮಡಂತ್ಯಾರು, ಗುರುವಾಯನಕೆರೆ. ಅಲ್ಲಿಂದ ವೇಣೂರಿನ ಮೇಲೆ ಮೂಡುಬಿದಿರೆ. ಸಿದ್ಧಕಟ್ಟೆಯ ದಾರಿಯಾಗಿ ಮರಳಿ ಬಂಟ್ವಾಳ. ಇದು ನನ್ನ ಗುಜರಿ ಸುತ್ತು. ಅಡಿಕೆ ತೋಟದಿಂದ ಕಿತ್ತ ಸ್ಪ್ರಿಂಕ್ಲರ್ ಪೈಪು, ಪ್ಲಂಬರ್ ಬಿಟ್ಟುಹೋದ ಪಿವಿಸಿ ತುಂಡು, ಮೇಲ್ಭಾಗ ಒಡೆದ 500 ಲೀಟರಿನ ಸಿಂಟೆಕ್ಸ್ ಟ್ಯಾಂಕಿ, 200 ಲೀಟರಿನ ನೀಲಿ ಡ್ರಮ್ಮು. ‘ಇದು ಎಂತಕ್ಕೆ ಮಾರಾಯ್ರೆ, ಇದರಲ್ಲಿ ತುಂಬ ನೀರು ನಿಲ್ಲುವುದಿಲ್ಲ’ ಎಂದು ಅಂಗಡಿಯವರು ಪ್ರಾಮಾಣಿಕವಾಗಿ ಎಚ್ಚರಿಸುತ್ತಾರೆ. ‘ಮುಕ್ಕಾಲಿಗಿಂತ ಕೆಳಗೆ ನಿಂತರೆ ಸಾಕು’ ಎನ್ನುತ್ತೇನೆ. ಒಡೆದ ಭಾಗ ಕೊಯ್ದು ತೆಗೆದರೆ 300 ಲೀಟರ್ ಹಿಡಿಯುವ ಒಳ್ಳೆಯ ಮೀನಿನ ತೊಟ್ಟಿ ಅದು.

ಡ್ರಮ್ಮು ಕೊಳ್ಳುವಾಗ ಮಾತ್ರ ನಾನು ಒಂದು ಪ್ರಶ್ನೆ ಬಿಡುವುದಿಲ್ಲ: ಇದರಲ್ಲಿ ಮೊದಲು ಏನಿತ್ತು? ನಮ್ಮದು ಅಡಿಕೆಯ ಸೀಮೆ. ಮಳೆಗಾಲದಲ್ಲಿ ಕೊಳೆರೋಗ ಬಾರದಂತೆ ಮದ್ದು ಬಿಡುತ್ತಾರೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಸೇರಿದ ಬೋರ್ಡೋ ದ್ರಾವಣ ಅದು. ಅಡಿಕೆ ಗೊನೆಯನ್ನು ಉಳಿಸುವ, ಮೈಲುತುತ್ತಿನಲ್ಲಿರುವ ಆ ತಾಮ್ರವೇ ಮೀನಿಗೆ ವಿಷ. ಮದ್ದು ಕದಡಿದ ಡ್ರಮ್ಮನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ತರಬಾರದು. ಬೆಳ್ತಂಗಡಿ ಕಡೆ ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಆಸಿಡ್ಡಿನ ಕ್ಯಾನುಗಳೂ ಸಿಗುತ್ತವೆ, ಅವೂ ಬೇಡ. ಹಿತ್ತಾಳೆಯ ನಲ್ಲಿ, ಸತುವಿನ ಲೇಪವಿರುವ ಜಿಐ ಪೈಪು ನೀರಿಗೆ ಮುಟ್ಟುವ ಜಾಗದಲ್ಲಿ ಬೇಡ. ಆಹಾರದ ವಸ್ತು ತುಂಬಿ ಬಂದ, ತಳದಲ್ಲಿ ತ್ರಿಕೋನದೊಳಗೆ 2 ಎಂಬ ಅಂಕಿ ಇರುವ ಡ್ರಮ್ಮು ಸಿಕ್ಕರೆ ಆ ದಿನ ನನಗೆ ಹಬ್ಬ.

ಡ್ರಮ್ಮನ್ನು ಉದ್ದಕ್ಕೆ ಸೀಳಿದರೆ ಎರಡು ಮರಿಗೆಗಳಾಗುತ್ತವೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಮೇಲ್ಮೈ ಸುಮಾರು ಒಂದು ಚದರ ಮೀಟರ್. ಕೆಂಪುಕಲ್ಲಿನ ಕಟ್ಟೆಯ ಮೇಲೆ ಅವುಗಳನ್ನು ಕೂರಿಸಬೇಕು. ನೀರು, ಹಂಚು ತುಂಬಿದ ಮರಿಗೆಯ ಭಾರ ನೂರು ಕಿಲೋ ದಾಟುತ್ತದೆ, ಸೀಳಿದ ಅಡಿಕೆ ಮರ ಅದನ್ನು ಹೆಚ್ಚು ಕಾಲ ಹೊರಲಾರದು.

ಮರಿಗೆಗೆ ತುಂಬುವುದು ಹಂಚಿನ ಚೂರು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಈ ಹೊಳೆದಂಡೆಗಳ ಜೇಡಿಮಣ್ಣು ನಾಡಿನ ಉದ್ದಗಲಕ್ಕೂ ಮಾಡುಗಳಾಗಿ ನಿಂತಿತು. ಈಗ ಮಾಡು ಇಳಿಸಿ ತಾರಸಿ ಹಾಕುತ್ತಿದ್ದಾರೆ, ಹಂಚು ಅಂಗಳದ ಮೂಲೆಗೆ ಬೀಳುತ್ತಿದೆ. ಮೂಡುಬಿದಿರೆಯ ಪೇಟೆಯ ಹಳೆಮನೆಯೊಂದು ಇಳಿದಾಗ ಸಿಕ್ಕಿದ ಹಂಚು ನನ್ನ ಎರಡೂ ಮರಿಗೆಗಳನ್ನು ತುಂಬಿತು. ಸುಟ್ಟ ಮಣ್ಣು ನೀರಿನಲ್ಲಿ ಕರಗುವುದಿಲ್ಲ, ನೀರಿಗೆ ಏನನ್ನೂ ಬಿಡುವುದಿಲ್ಲ. ಮೈತುಂಬ ಸಣ್ಣ ರಂಧ್ರಗಳಿರುವುದರಿಂದ ಕಣ್ಣಿಗೆ ಕಾಣದ ಜೀವಿಗಳಿಗೆ ಬೇಕಾದಷ್ಟು ಮನೆ. ಗೋಣಿಯಲ್ಲಿ ಸುತ್ತಿ ಸುತ್ತಿಗೆಯಿಂದ ಹೊಡೆದು, ಹುಣಸೆ ಬೀಜಕ್ಕಿಂತ ಸ್ವಲ್ಪ ದೊಡ್ಡದಾಗಿ ಒಡೆದು, ಕೆಂಪು ಬಣ್ಣ ಬಿಡುವುದು ನಿಲ್ಲುವ ತನಕ ತೊಳೆಯಬೇಕು. ತೊಳೆದ ಕೆಂಪು ನೀರು ತೆಂಗಿನ ಬುಡಕ್ಕೆ. ಮರಿಗೆಯಲ್ಲಿ ಸುಮಾರು ಒಂದಡಿ ಆಳ ಸಿಕ್ಕರೆ ಬೇರುಗಳಿಗೆ ಸಾಕು.

ಇನ್ನು ನನಗೆ ಎಲ್ಲಕ್ಕಿಂತ ಪ್ರೀತಿಯ ಭಾಗ: ಗಂಟೆ ಸೈಫನ್. ಮರಿಗೆಯ ತಳದಿಂದ ಒಂದು ಸಣ್ಣ ಪೈಪು ಎದ್ದು ನಿಲ್ಲುತ್ತದೆ. ಅದರ ಮೇಲೆ, ಬಾಯಿ ಮುಚ್ಚಿ ಬುಡದಲ್ಲಿ ಕಚ್ಚು ಕೊಯ್ದ ದೊಡ್ಡ ಪೈಪಿನ ಟೊಪ್ಪಿ. ಹಂಚಿನ ಚೂರು ಒಳಗೆ ನುಗ್ಗದಂತೆ ಸುತ್ತ ತೂತು ಕೊರೆದ ಇನ್ನೊಂದು ಪೈಪು. ಪಂಪು ತೊಟ್ಟಿಯ ನೀರನ್ನು ಮೇಲೆತ್ತಿ ಮರಿಗೆಗೆ ಬಿಡುತ್ತ ಹೋಗುತ್ತದೆ. ನೀರು ಸಣ್ಣ ಪೈಪಿನ ಬಾಯಿ ಮುಟ್ಟಿ ಒಳಗೆ ಸುರಿಯತೊಡಗಿದಾಗ ಟೊಪ್ಪಿಯೊಳಗಿನ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಗಾಳಿ ಖಾಲಿಯಾದ ಕ್ಷಣ ಸೈಫನ್ ಹಿಡಿಯುತ್ತದೆ. ಮರಿಗೆ ತುಂಬಲು ತೆಗೆದುಕೊಂಡ ಹೊತ್ತಿಗಿಂತ ಎಷ್ಟೋ ಬೇಗ ನೀರೆಲ್ಲ ಭೋರೆಂದು ತೊಟ್ಟಿಗೆ ಇಳಿಯುತ್ತದೆ. ಬುಡದ ಕಚ್ಚು ತೆರೆದುಕೊಂಡಾಗ ಗಾಳಿ ಒಳಗೆ ನುಗ್ಗಿ, ಗುಳುಗುಳು ಸದ್ದಾಗಿ, ಹರಿವು ನಿಲ್ಲುತ್ತದೆ. ಮತ್ತೆ ಮೊದಲಿನಿಂದ. ಬೇರು ನೆನೆಯುವುದಕ್ಕೂ ಉಸಿರಾಡುವುದಕ್ಕೂ ಸರದಿ ಸಿಗುತ್ತದೆ, ಮೇಲಿಂದ ಬೀಳುವ ನೀರು ತೊಟ್ಟಿಗೆ ಪ್ರಾಣವಾಯುವನ್ನೂ ಬೆರೆಸುತ್ತದೆ. ಚಲಿಸುವ ಒಂದು ಭಾಗವೂ ಇಲ್ಲದೆ, ವಿದ್ಯುತ್ ಗುಂಡಿಯೂ ಇಲ್ಲದೆ, ಬರೀ ಪೈಪು ತುಂಡುಗಳು ಇಷ್ಟು ಶಿಸ್ತಿನಿಂದ ದುಡಿಯುವುದನ್ನು ನೋಡುತ್ತ ಕೂತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಒಳಹರಿವು ತೀರ ಕಡಿಮೆಯಾದರೆ ಸೈಫನ್ ಹಿಡಿಯದು, ಹೆಚ್ಚಾದರೆ ಬಿಡದು. ಗೇಟ್ ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸಿ ತಿರುಗಿಸಿ ಆ ಹದ ಕಂಡುಕೊಳ್ಳುವುದೇ ಒಂದು ಸುಖ.

ತೊಟ್ಟಿಯ ನೀರು ಗಂಟೆಗೊಮ್ಮೆ ಪೂರ್ತಿ ಸುತ್ತಿ ಬಂದರೆ ಸಾಕು. ಅದಕ್ಕೆ 20 ವಾಟಿನ ಸಣ್ಣ ಪಂಪು ಸಾಲುತ್ತದೆ. ಹಗಲು ರಾತ್ರಿ ಓಡಿದರೂ ದಿನಕ್ಕೆ ಅರ್ಧ ಯೂನಿಟ್ ಆಗುವುದಿಲ್ಲ.

ಜೋಡಣೆ ಮುಗಿದ ಮೇಲೆ ಬರುವುದು ಕಾಯುವ ಕಾಲ. ಮೀನು ಹೊರಹಾಕುವ ಅಮೋನಿಯಾ ಮೀನಿಗೇ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡುತ್ತವೆ, ಅದು ಗಿಡಕ್ಕೆ ಊಟ. ರಷ್ಯಾದ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ಈ ಜೀವಿಗಳನ್ನು ಪ್ರತ್ಯೇಕಿಸಿ ತೋರಿಸಿದ. ಇವನ್ನು ಅಂಗಡಿಯಿಂದ ತರಲೇಬೇಕೆಂದಿಲ್ಲ. ಗಾಳಿ, ನೀರು, ಮಣ್ಣಿನಿಂದ ತಾವಾಗಿ ಬಂದು ಹಂಚಿನ ರಂಧ್ರಗಳಲ್ಲಿ ಸಂಸಾರ ಹೂಡುತ್ತವೆ. ಅದಕ್ಕೆ ನಾಲ್ಕರಿಂದ ಆರು ವಾರ ಬೇಕು. ಆ ದಿನಗಳಲ್ಲಿ ನಾಲ್ಕಾರು ಮರಿ ಮೀನು, ಚಿಟಿಕೆ ಆಹಾರ, ಪರೀಕ್ಷಾ ಕಿಟ್ಟಿನ ಬಣ್ಣ ನೋಡುವುದು, ಇಷ್ಟೇ ಕೆಲಸ. ಅಮೋನಿಯಾ ಏರಿ ಇಳಿಯುತ್ತದೆ, ಹಿಂದೆಯೇ ನೈಟ್ರೈಟ್ ಏರಿ ಇಳಿಯುತ್ತದೆ. ನೈಟ್ರೇಟಿನ ಬಣ್ಣ ಮೂಡಿದ ದಿನ ಹರಿವೆಯ ಎಲೆಯೂ ಅಗಲವಾಗತೊಡಗುತ್ತದೆ.

ಈ ಸುತ್ತಿಗೆ ನಮ್ಮ ನೆಲ ತನ್ನದೇ ಒಂದು ಪ್ರಶ್ನೆ ಒಡ್ಡುತ್ತದೆ. ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ಬಾವಿಯ ನೀರು ಮೃದು, ಸ್ವಲ್ಪ ಹುಳಿ ಗುಣದ್ದು. ಬ್ಯಾಕ್ಟೀರಿಯಾಗಳ ಕೆಲಸದಿಂದ ಅದು ಇನ್ನಷ್ಟು ಹುಳಿಯಾಗುತ್ತದೆ. ಮೀನಿಗೆ, ಗಿಡಕ್ಕೆ, ಬ್ಯಾಕ್ಟೀರಿಯಾಕ್ಕೆ ಮೂವರಿಗೂ ಒಪ್ಪುವ ಪಿಎಚ್ 7ರ ಆಸುಪಾಸು. ಉತ್ತರವೂ ನಮ್ಮ ಅಡುಗೆಮನೆಯಲ್ಲೇ ಇದೆ: ಮರುವಾಯಿ ಚಿಪ್ಪುಮೀನಿನ ಸುಕ್ಕ ಉಂಡ ಮೇಲೆ ಉಳಿಯುವ ಚಿಪ್ಪು. ಚೆನ್ನಾಗಿ ತೊಳೆದು ಒಣಗಿಸಿ, ಬಲೆಚೀಲದಲ್ಲಿ ಕಟ್ಟಿ, ನೀರು ಬೀಳುವಲ್ಲಿ ತೂಗಬಿಡುತ್ತೇನೆ. ನೀರು ಹುಳಿಯಾದಾಗ ಚಿಪ್ಪು ಕರಗುತ್ತದೆ, ಸಮವಾದಾಗ ಬಹುಮಟ್ಟಿಗೆ ಸುಮ್ಮನಿರುತ್ತದೆ. ಯಾರೂ ಅಳೆದು ಸುರಿಯಬೇಕಿಲ್ಲ. ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆ. ಮುರಕಲ್ಲಿನಲ್ಲಿ ಕಬ್ಬಿಣ ತುಂಬಿದ್ದರೂ ಅದು ಕರಗದ ರೂಪದಲ್ಲಿದೆ, ಗಿಡಕ್ಕೆ ದಕ್ಕುವ ಕೀಲೇಟೆಡ್ ಕಬ್ಬಿಣವನ್ನು ಚಿಟಿಕೆಯಷ್ಟು ಹೊರಗಿನಿಂದ ಕೊಡಬೇಕು.

ಎಷ್ಟು ಮೀನು? ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಸಣ್ಣ ಪ್ರಮಾಣದ ಆಕ್ವಾಪೋನಿಕ್ಸ್ ಬಗ್ಗೆ ಹೊರತಂದ ಕೈಪಿಡಿ ಲೆಕ್ಕವನ್ನು ಮೀನಿನಿಂದ ಶುರುಮಾಡುವುದಿಲ್ಲ, ಆಹಾರದಿಂದ ಶುರುಮಾಡುತ್ತದೆ. ಸೊಪ್ಪು ಬೆಳೆಯುವ ಒಂದು ಚದರ ಮೀಟರಿಗೆ ದಿನಕ್ಕೆ 40ರಿಂದ 50 ಗ್ರಾಂ ಮೀನಿನ ಆಹಾರ. ಬೆಳೆದ ಮೀನು ತನ್ನ ತೂಕದ ಶೇಕಡಾ ಒಂದೆರಡರಷ್ಟು ತಿನ್ನುತ್ತದೆ. ಹಾಗಾದರೆ ನನ್ನ ಎರಡು ಮರಿಗೆಗಳಿಗೆ ಬೇಕಾದದ್ದು ಮೂರು ಕಿಲೋ ಆಸುಪಾಸಿನ ಮೀನು, 300 ಲೀಟರಿನ ತೊಟ್ಟಿ ಅದನ್ನು ಹಾಯಾಗಿ ಸಾಕುತ್ತದೆ. ಗುಜರಿಯಲ್ಲಿ ಸಿಕ್ಕ ತೊಟ್ಟಿಯೂ ಡ್ರಮ್ಮೂ ಈ ಲೆಕ್ಕಕ್ಕೆ ಸರಿಯಾಗಿ ಕೂಡಿಬಂದಾಗ ಆದ ಸಂತೋಷವನ್ನು ಯಾವ ಕಿಟ್ಟೂ ಕೊಡಲಾರದು.

ಯಾವ ಮೀನು ಎಂಬುದು ಮನೆಯ ರೂಢಿಗೆ ಬಿಟ್ಟದ್ದು. ಮೀನು ಉಣ್ಣುವ ಮನೆಗೆ ಸಾಮಾನ್ಯ ಗೆಂಡೆ ಹೊಂದುತ್ತದೆ. ಮೀನು ತಿನ್ನದ ಮನೆಗಳು, ಮೂಡುಬಿದಿರೆಯಲ್ಲಿ ಇಂಥವು ಬೇಕಾದಷ್ಟಿವೆ, ಗಪ್ಪಿ, ಕೋಯಿ ಸಾಕಬಹುದು. ಬಸಳೆಗೆ ಭೇದವಿಲ್ಲ, ಗಪ್ಪಿ ಸೊಳ್ಳೆಮರಿಯನ್ನೂ ಉಳಿಸುವುದಿಲ್ಲ. ನಮ್ಮ ದೇಶದಲ್ಲಿ ನಿಷೇಧವಿರುವ ಆಫ್ರಿಕನ್ ಮುಗುಡನ್ನು ಮಾತ್ರ ಯಾರೂ ತರಬಾರದು. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲಾ ಹೊಳೆಯ ಪೆರುವೊಳು ಮೀನುಗಳನ್ನು ಶಿಶಿಲೇಶ್ವರನ ಮೀನುಗಳೆಂದು ತಲೆಮಾರುಗಳಿಂದ ಕಾಯ್ದುಕೊಂಡು ಬಂದಿದ್ದಾರೆ, ಭಕ್ತರು ಅಕ್ಕಿ ಹಾಕಿ ಕೈಮುಗಿಯುತ್ತಾರೆ. ಅಂಥ ಹೊಳೆಗಳು ಹರಿಯುವ ಊರಿನಲ್ಲಿ ಸಾಕಿದ ಹೊರಗಿನ ಮೀನು ಮಳೆನೀರಿನೊಡನೆ ತೋಡಿಗೆ, ತೋಡಿನಿಂದ ಹೊಳೆಗೆ ಇಳಿಯಬಾರದು. ನನ್ನ ತೊಟ್ಟಿಯ ಉಕ್ಕುವ ನೀರಿನ ಕೊಳವೆಗೆ ಎರಡು ಪದರ ಬಲೆ ಇದೆ.

ಮಳೆಯೆಂದರೆ ಇಲ್ಲಿ ವರ್ಷಕ್ಕೆ 4,000 ಮಿಲಿಮೀಟರಿನ ಸುಮಾರು ಸುರಿಯುವ ಮಳೆ. ಅದು ನೇರ ಮರಿಗೆಗೆ ಬಿದ್ದರೆ ಗಿಡದ ಊಟವೆಲ್ಲ ಕೊಚ್ಚಿಹೋಗುತ್ತದೆ. ಕಂಬಳ, ಯಕ್ಷಗಾನ ಮುಗಿದ ಮೇಲೆ ಇಳಿಸಿದ ಫ್ಲೆಕ್ಸುಗಳನ್ನು ಮಗುಚಿ ಕಟ್ಟಿದರೆ ಗಟ್ಟಿ ಚಪ್ಪರ. ಪಕ್ಕದ ತೋಟದಲ್ಲಿ ಮದ್ದು ಬಿಡುವಾಗ ಗಾಳಿಗೆ ಬರುವ ತುಂತುರನ್ನೂ ಅದು ತಡೆಯುತ್ತದೆ. ಸಿಡಿಲಿನ ದಿನಗಳಲ್ಲಿ ಕರೆಂಟು ಹೋಗಿ ಪಂಪು ನಿಲ್ಲುವುದು ಖಚಿತ. ಬೇಸಿಗೆಯ 30 ಡಿಗ್ರಿಯ ನೀರು ಹಿಡಿದಿಟ್ಟುಕೊಳ್ಳಬಲ್ಲ ಪ್ರಾಣವಾಯು ಲೀಟರಿಗೆ ಏಳೂವರೆ ಮಿಲಿಗ್ರಾಂ ಮಾತ್ರ. ಹಳೆಯ ಬ್ಯಾಟರಿಗೆ ಸಿಕ್ಕಿಸಿದ ಸಣ್ಣ ಗಾಳಿ ಪಂಪು ಆ ಹೊತ್ತಿಗೆ ಮೀನಿನ ಜೀವ ಕಾಯುತ್ತದೆ.

ಇಷ್ಟರಿಂದ ದಕ್ಕುವುದೇನು ಎಂದು ಕೇಳುವವರಿಗೆ ನಾನು ಅಡುಗೆಮನೆಯನ್ನು ತೋರಿಸುತ್ತೇನೆ. ಹರಿವೆ, ಪುದೀನಾ, ಒಂದೆಲಗ, ಪತ್ರೊಡೆಗೆ ಕೆಸುವಿನ ಎಲೆ, ಮತ್ತೆ ಬಸಳೆ. ಬೇಸಿಗೆಯಲ್ಲಿ ನೇತ್ರಾವತಿ ಸೊರಗಿ ತುಂಬೆ ಅಣೆಕಟ್ಟಿನ ನೀರಿನ ಮಟ್ಟ ಪತ್ರಿಕೆಯ ಸುದ್ದಿಯಾಗುವ ದಿನಗಳಲ್ಲೂ ಈ ಮರಿಗೆಗಳು ಹಸಿರಾಗಿರುತ್ತವೆ. ಆವಿಯಾದದ್ದನ್ನು, ಎಲೆ ಕುಡಿದದ್ದನ್ನು ತುಂಬಿಕೊಟ್ಟರಾಯಿತು, ಉಳಿದ ನೀರು ಸುತ್ತುತ್ತಲೇ ಇರುತ್ತದೆ. ಒಂದೇ ನೀರಿನಲ್ಲಿ ಮೀನನ್ನೂ ಬೆಳೆಯನ್ನೂ ಸಾಕುವುದು ಹೊಸದೇನಲ್ಲ: ಚೀನಾದ ಚಿಂಗ್‌ಟಿಯನ್ ಪ್ರದೇಶದ ರೈತರು ಗದ್ದೆಯಲ್ಲಿ ಭತ್ತದೊಡನೆ ಮೀನು ಸಾಕುವ ಹಳೆಯ ಪದ್ಧತಿಗೆ 2005ರಲ್ಲಿ ಜಾಗತಿಕ ಕೃಷಿ ಪರಂಪರೆಯ ಮನ್ನಣೆ ಸಿಕ್ಕಿತು. ನಮ್ಮ ಬಂಟ್ವಾಳ ತಾಲ್ಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಗುಡ್ಡ ಕೊರೆದು, ಸುರಂಗದ ನೀರಿನಿಂದ ಬೋಳು ಇಳಿಜಾರಿನಲ್ಲಿ ತೋಟ ಎಬ್ಬಿಸಿ, 2022ರಲ್ಲಿ ಪದ್ಮಶ್ರೀ ಪಡೆದರು. ಅವರ ಬಳಿ ಇದ್ದ ಬಂಡವಾಳ ಹಾರೆ, ತೋಳು, ನೀರಿನ ದಾರಿಯ ತಿಳಿವಳಿಕೆ. ಈ ಮಣ್ಣಿನಲ್ಲಿ ದುಡ್ಡಿಗಿಂತ ಮೊದಲು ಕೆಲಸಕ್ಕೆ ಬರುವುದು ಆ ತಿಳಿವಳಿಕೆಯೇ ಎಂದು ಅವರನ್ನು ನೆನೆದಾಗಲೆಲ್ಲ ನನಗೆ ಧೈರ್ಯ ಬರುತ್ತದೆ.

ಈಗ ಯಾರಾದರೂ ಮರಿಗೆ ನೋಡಿ ‘ನಮಗೂ ಒಂದು ಮಾಡಬೇಕಿತ್ತು’ ಎಂದರೆ ಬರಿಗೈಲಿ ಕಳಿಸುವುದಿಲ್ಲ. ನನ್ನ ಮರಿಗೆಯಿಂದ ಎರಡು ಬೊಗಸೆ ಹಂಚಿನ ಚೂರು ತೆಗೆದು ಒದ್ದೆಯಾಗಿಯೇ ಕಟ್ಟಿಕೊಡುತ್ತೇನೆ. ಮೊಸರಿನ ಹೆಪ್ಪು ಕೊಟ್ಟ ಹಾಗೆ ಅದು. ಅದರಲ್ಲಿ ನೆಲೆಸಿದ ಬ್ಯಾಕ್ಟೀರಿಯಾ ಹೊಸ ಮರಿಗೆಗೆ ಹಬ್ಬಿ, ಕಾಯುವ ವಾರಗಳನ್ನು ಕಡಿಮೆ ಮಾಡುತ್ತದೆ. ಜತೆಗೆ ಬಸಳೆಯ ಎರಡು ತುಂಡು ಬಳ್ಳಿ. ಡ್ರಮ್ಮು, ಪೈಪು ಅವರೇ ಹುಡುಕಲಿ. ಹುಡುಕುವ ಸಂತೋಷ ಅವರಿಗೂ ಸಿಗಬೇಕು.