ನೀರು ಕುಡಿಯುವ ಧೈರ್ಯ

ನಮ್ಮ ನಾಡಿನ ರಸ್ತೆಗಳಲ್ಲಿ ಸ್ವಾಗತಕ್ಕೇನೂ ಬರಗಾಲವಿಲ್ಲ. ಹತ್ತು ಮನೆಯ ಹಳ್ಳಿಗೂ ಒಂದು ಕಮಾನುಂಟು. ಈಚೆ ಬದಿಗೆ ‘ಸುಸ್ವಾಗತ’, ಆಚೆ ಬದಿಗೆ ‘ವಂದನೆಗಳು, ಮತ್ತೆ ಬನ್ನಿ’. ಎರಡರ ನಡುವೆ ಊರು ಏನು ಕೊಟ್ಟಿತೆಂದು ಮಾತ್ರ ಕೇಳಬಾರದು. ಕಮಾನಿನ ಕೆಳಗೆ ಕೂರಲು ಜಗಲಿಯಿಲ್ಲ, ಕುಡಿಯಲು ನೀರಿಲ್ಲ. ಅದು ಕೊಡುವ ನೆರಳೋ ಒಂದು ಮೊಳ ಅಗಲ. ಅದೂ ಲಾರಿಗಳು ಓಡಾಡುವ ನಡುರಸ್ತೆಯ ಮೇಲೆ.

ಕಳೆದ ಬೇಸಿಗೆಯಲ್ಲಿ ಅಕ್ಕನ ಮಗ ಅಮೆರಿಕದ ಮಿಷಿಗನ್ನಿನಿಂದ ಬಂದಿದ್ದ. ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದನ್ನು ಅಲ್ಲಿಯೇ ಓದಿ, ನೋಡಲೇಬೇಕೆಂದು ಹಟ ಹಿಡಿದಿದ್ದ. ಅಕ್ಕನಿಗೆ ಮಾಲೇಕಲ್ಲು ತಿರುಪತಿಯ ವೆಂಕಟರಮಣನ ಹರಕೆಯೊಂದು ಬಾಕಿ ಇತ್ತು. ಅರಸೀಕೆರೆಯ ಹತ್ತಿರವೇ ಆದ್ದರಿಂದ ದಾರಿಯಲ್ಲಿ ಅದೂ ಆಗಲಿ ಎಂದು, ಬೆಳಗ್ಗೆ ಆರಕ್ಕೆ ಬೆಂಗಳೂರು ಬಿಟ್ಟೆವು.

ತುಮಕೂರು ದಾಟಿದ ಮೇಲೆ ಹುಡುಗ ಕೇಳಿದ: “ಚಿಕ್ಕಮ್ಮ, ಇಲ್ಲಿ ವೆಲ್ಕಮ್ ಸೆಂಟರ್ ಎಲ್ಲಿ ಬರುತ್ತೆ?” ಹಾಗೆಂದರೇನೆಂದು ನಾನು ಕೇಳಿದೆ. ಅಲ್ಲಿ ಒಂದು ಸಂಸ್ಥಾನದಿಂದ ಇನ್ನೊಂದಕ್ಕೆ ಕಾಲಿಟ್ಟರೆ ಹೆದ್ದಾರಿಯ ಪಕ್ಕದಲ್ಲೇ ಒಂದು ಕಟ್ಟಡವಂತೆ. ನಕ್ಷೆ ಕೊಡುತ್ತಾರೆ, ದಾರಿ ಹೇಳುತ್ತಾರೆ, ಕುಡಿಯುವ ನೀರಿದೆ, ಶುಚಿಯಾದ ಪಾಯಖಾನೆಯಿದೆ; ಕಾಸು ಕೇಳುವವರಿಲ್ಲ. ಇಂಥ ಮನೆಗಳಲ್ಲಿ ಮೊದಲನೆಯದು ಅವನಿರುವ ಮಿಷಿಗನ್ನಿನಲ್ಲೇ, ನ್ಯೂ ಬಫಲೋ ಎಂಬಲ್ಲಿ, 1935ರಲ್ಲಿ ತೆರೆಯಿತೆಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ.

ನಾನೂ ಸೋಲಬಾರದೆಂದು ನಮ್ಮ ಅರವಟಿಗೆಯ ಕಥೆ ತೆಗೆದೆ. ಅವರ ದೇಶ ಹುಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲೇ ನಮ್ಮ ಶಾಸನಗಳಲ್ಲಿ ಕೆರೆ, ಬಾವಿ, ಸತ್ರಗಳ ಜೊತೆಗೆ ಅರವಂಟಿಗೆಯೂ ಪುಣ್ಯಕಾರ್ಯಗಳ ಸಾಲಿನಲ್ಲಿ ನಿಂತಿದೆ. ಬೇಸಿಗೆ ಬಂದಿತೆಂದರೆ ತೆಂಗಿನ ಗರಿಯ ಚಪ್ಪರ, ಒದ್ದೆ ಮರಳಿನ ಮೇಲೆ ಮಣ್ಣಿನ ಹರವಿ, ಕೆಲವು ಕಡೆ ನೀರುಮಜ್ಜಿಗೆ. ಅದಲ್ಲದೆ ಹೊರೆ ಇಳಿಸುವ ಕಲ್ಲುಗಳಿದ್ದವು: ಎರಡು ಕಲ್ಲು ನೆಟ್ಟು ಮೇಲೊಂದು ಅಡ್ಡ ಚಪ್ಪಡಿ, ಅಷ್ಟೆ. ತಲೆಹೊರೆಯವನು ಯಾರ ಸಹಾಯವನ್ನೂ ಬೇಡದೆ ನಿಂತಂತೆಯೇ ಗಂಟನ್ನು ಅದರ ಮೇಲೆ ಜಾರಿಸಿ, ದಣಿವಾರಿಸಿಕೊಂಡು, ಮತ್ತೆ ತಲೆಗೇರಿಸಿಕೊಂಡು ಹೋಗಬಹುದಿತ್ತು. ತಮಿಳು ಸೀಮೆಯಲ್ಲಿ, ಬಸುರಿಯಾಗಿದ್ದಾಗಲೇ ಸತ್ತ ಹೆಂಗಸಿನ ನೆನಪಿಗೆ ಇಂಥ ಕಲ್ಲು ನಿಲ್ಲಿಸುವ ವಾಡಿಕೆಯಿತ್ತು. ಇಳಿಸಲಾಗದೆ ಹೋದ ಹೊರೆಯ ನೆನಪಿಗೆ ಇನ್ನೊಬ್ಬರ ಹೊರೆ ಇಳಿಸುವ ಕಲ್ಲು! ಇದಕ್ಕಿಂತ ದೊಡ್ಡ ಸ್ವಾಗತ ಯಾವ ದೇಶದಲ್ಲಿದೆ ಎಂದು ಹುಡುಗನನ್ನು ಗದರಿಸಿಯೇ ಕೇಳಿದೆ. ಅವನು ಸುಮ್ಮನಾದ.

ಸುಮ್ಮನಾಗದವಳು ಅಕ್ಕ. ಹಿಂದಿನ ಸೀಟಿನಿಂದ ಒಂದೇ ಮಾತು ಬಂತು: “ನೀರು ಕೊಟ್ಟರು ಸರಿ. ಕುಡಿದ ಹೆಂಗಸು ಆಮೇಲೆ ಎಲ್ಲಿಗೆ ಹೋಗಬೇಕಿತ್ತೇ?”

ಬೆಂಗಳೂರು ಬಿಟ್ಟಾಗಿನಿಂದ ಅಕ್ಕ ಗುಟುಕು ನೀರು ಕುಡಿದಿರಲಿಲ್ಲ. ಮನೆಯಲ್ಲಿ ಕಾಫಿಯನ್ನೂ ಅರ್ಧ ಲೋಟಕ್ಕೆ ನಿಲ್ಲಿಸಿದ್ದಳು. ಇದು ಹೆಂಗಸರೆಲ್ಲ ಬಲ್ಲ ಲೆಕ್ಕ. ಗಂಡಸರಿಗೆ ಹೇಳಿದರೆ ನಗುತ್ತಾರೆ. ಗುಬ್ಬಿಗೆ ಎಷ್ಟು ಹೊತ್ತು, ಕಿಬ್ಬನಹಳ್ಳಿ ಕ್ರಾಸಿನಲ್ಲಿ ಅನುಕೂಲವುಂಟೋ ಇಲ್ಲವೋ, ಇದ್ದರೂ ಒಳಗೆ ಹೋಗುವಂತಿರುತ್ತದೆಯೋ ಎಂದು ಮನಸ್ಸಿನಲ್ಲೇ ಗುಣಿಸಿ ಭಾಗಿಸಿ, ಅದಕ್ಕೆ ತಕ್ಕಂತೆ ಗಂಟಲನ್ನು ಒಣಗಿಸಿಕೊಳ್ಳುವುದು. ಬಸ್ಸು ನಿಂತು “ಕಾಫಿ ತಿಂಡಿಗೆ ಹತ್ತು ನಿಮಿಷ” ಎಂದು ಕಂಡಕ್ಟರು ಕೂಗಿದಾಗ ಗಂಡಸರು ರಸ್ತೆಯ ಅಂಚಿಗೆ ಹೋಗಿ ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಅವರಿಗೆ ಇಡೀ ಕರ್ನಾಟಕವೇ ಸ್ವಾಗತ ಕೇಂದ್ರ. ಹೆಂಗಸರು ಕಿಟಕಿಯ ಹೊರಗೆ ನೋಡುವಂತೆಯೂ ಇಲ್ಲ, ಇಳಿಯುವಂತೆಯೂ ಇಲ್ಲ. ಹಿಂದೆ ಬೇಲಿಯ ಮರೆ, ಕೆರೆ ಏರಿಯ ಹಿಂಬದಿ ಅಂತಾದರೂ ಇತ್ತು. ಈಗ ರಸ್ತೆ ಅಗಲವಾಗಿ, ಎರಡು ಕಡೆಗೂ ಕಬ್ಬಿಣದ ಪಟ್ಟಿ ಬಂದು, ಪೊದೆಯೂ ಉಳಿದಿಲ್ಲ.

ಅಕ್ಕನ ಲೆಕ್ಕಕ್ಕೆ ಬೆಲೆ ತೆತ್ತದ್ದು ಅವಳ ಮೈ. ಹಿಂದಿನ ವರ್ಷ ಮದುವೆಗೊಂದು ದೂರ ಪ್ರಯಾಣ ಮಾಡಿ ಬಂದು ಮೂತ್ರದ ಸೋಂಕು ಹತ್ತಿ, ಜ್ವರ ಏರಿ, ಆಸ್ಪತ್ರೆಯಲ್ಲಿ ಐದು ದಿನ ಮಲಗಿದ್ದಳು. ನೀರು ಕುಡಿಯದಿದ್ದರೆ, ಬಂದದ್ದನ್ನು ತಡೆದಿಟ್ಟುಕೊಂಡರೆ ಮತ್ತೆ ಇದೇ ಗತಿ ಎಂದು ಡಾಕ್ಟರು ಹೇಳಿದ್ದರು. “ದಾರಿಯಲ್ಲಿ ಚೆನ್ನಾಗಿ ನೀರು ಕುಡಿಯಿರಿ” ಎಂದು ಚೀಟಿಯಲ್ಲಿ ಬರೆದೂ ಕೊಟ್ಟಿದ್ದರು. ಆ ಚೀಟಿಯನ್ನು ಹೆದ್ದಾರಿಗೆ ಯಾರು ಓದಿ ಹೇಳಬೇಕು?

ತಿಪಟೂರಿಗೆ ಮೊದಲೊಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದೆವು. ‘ಮಹಿಳೆಯರು’ ಎಂಬ ಬಾಗಿಲು ಇತ್ತು, ಬೀಗವೂ ಇತ್ತು. ಕೀಲಿ ಮ್ಯಾನೇಜರ ಬಳಿ, ಮ್ಯಾನೇಜರು ಊಟಕ್ಕೆ. ಹತ್ತು ಗಂಟೆಗೇ ಯಾವ ಊಟವೆಂದು ಕೇಳಬೇಕೆನಿಸಿತು. ಪಕ್ಕದ ‘ಪುರುಷರು’ ಬಾಗಿಲು ಹಾರು ಹೊಡೆದಿತ್ತು. ಅಕ್ಕ ಮಾತಾಡದೆ ಬಂದು ಕಾರಿನಲ್ಲಿ ಕುಳಿತಳು.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ನಮ್ಮ ನಾಡಿನ ಹೆಂಗಸರಿಗೆ ಟಿಕೆಟ್ಟಿನ ಹಣ ತಪ್ಪಿತು. ಧರ್ಮಸ್ಥಳವೆನ್ನಿ, ತವರೆನ್ನಿ, ಮನೆಯಿಂದ ಎಂದೂ ಹೊರಡದವರು ಹೊರಟಿದ್ದಾರೆ. ನನಗೆ ಅದು ಸಂತೋಷದ ವಿಷಯವೇ. ಆದರೆ ಹೊರಡಿಸಿದವರು ನಡುದಾರಿಯ ವಿಚಾರವನ್ನೂ ಅಷ್ಟೇ ಮನಸ್ಸಿಟ್ಟು ಯೋಚಿಸಿದರೆ ಚೆನ್ನಾಗಿತ್ತು.

ಮಾಲೇಕಲ್ಲು ಮುಟ್ಟಿದಾಗ ಬಿಸಿಲು ಏರಿತ್ತು. ಆಷಾಢದ ತೇರಿನ ದಿನ ಕಾಲಿಡಲು ಜಾಗವಿಲ್ಲದ ಊರು ಅಂದು ಬಿಕೋ ಎನ್ನುತ್ತಿತ್ತು. ಸಾವಿರಕ್ಕೂ ಮಿಕ್ಕ ಮೆಟ್ಟಿಲು ಎದುರಿಗೆ. ಎಪ್ಪತ್ತೆರಡರ ಅಕ್ಕ ಬೆಟ್ಟದ ಬುಡದಲ್ಲೇ ಕೈಮುಗಿದು, ಹರಕೆಯ ದುಡ್ಡನ್ನು ಮಗನ ಕೈಗೆ ಕೊಟ್ಟು, ಹತ್ತಿ ಬಾ ಎಂದು ಕಳಿಸಿದಳು. ಹಣ್ಣುಕಾಯಿ ಮಾರುತ್ತಿದ್ದ ಹೆಂಗಸೊಬ್ಬಳು ಅಕ್ಕ ನಿಂತ ರೀತಿಯನ್ನು ನೋಡಿದಳು. ಹೆಂಗಸಿಗೆ ಹೆಂಗಸು ಹೇಳಬೇಕಾಗಿಲ್ಲ.

“ಯಾಕ್ರಮ್ಮ ಬಿಸ್ಲಾಗೆ ನಿಂತ್ಕಂಡ್ರಿ? ಬನ್ನಿ, ಮನೆ ಇಲ್ಲೇ ಹಿಂದ್ಗಡೆ ಐತೆ.”

ಬುಟ್ಟಿಯನ್ನು ಪಕ್ಕದ ಅಂಗಡಿಯವನಿಗೆ ನೋಡಿಕೋ ಎಂದು ಹೇಳಿ, ಅಕ್ಕನ ಕೈ ಹಿಡಿದು ನಡೆಸಿಕೊಂಡು ಹೋದಳು. ಹೆಂಚಿನ ಮನೆ, ಹಿತ್ತಿಲಲ್ಲಿ ನಾಲ್ಕು ತೆಂಗು, ಮೂಲೆಯಲ್ಲಿ ತಗಡಿನ ಬಾಗಿಲಿನ ಒಂದು ಪುಟ್ಟ ಕೋಣೆ. ಬಕೆಟ್ಟಿನ ತುಂಬ ನೀರು. ಸರ್ಕಾರದ ದುಡ್ಡು ಬಂದಾಗ ಕಟ್ಟಿಸಿದ್ದಂತೆ. ಮಗಳು ದೊಡ್ಡವಳಾದಳೆಂದು ಸಾಲ ಮಾಡಿ ಬಾಗಿಲು ಹಾಕಿಸಿದ್ದಂತೆ. ನಾನೂ ಆ ಬಾಗಿಲಿಗೆ ಋಣಿಯಾದೆ, ಮುಚ್ಚುಮರೆ ಏಕೆ? ಹೊರಗೆ ಬಂದಾಗ ಅಕ್ಕ ಜಗಲಿಯ ಮೇಲೆ ಕುಳಿತು, ಚೊಂಬನ್ನು ಎತ್ತಿ ಗಟಗಟನೆ ಕುಡಿಯುತ್ತಿದ್ದಳು. ಒಂದಲ್ಲ, ಎರಡು ಚೊಂಬು. ಅಕ್ಕ ಹಾಗೆ ನೀರು ಕುಡಿದದ್ದನ್ನು ಪ್ರಯಾಣದಲ್ಲಿ ನಾನು ನೋಡಿರಲೇ ಇಲ್ಲ. ದುಡ್ಡು ಕೊಡಹೋದರೆ ಆಕೆ ಬೇಸರಪಟ್ಟುಕೊಂಡಳು: “ನೀರ್‌ಗೆ ಕಾಸಾ? ಬೇಕಾರೆ ಒಂದ್ ಕಾಯಿ ತಗಳ್ಳಿ.” ನಾವು ಆರು ಕಾಯಿ ತೆಗೆದುಕೊಂಡೆವು.

ಮೇಲಿನಿಂದ ಬೆವರಿಳಿಸುತ್ತ ಬಂದ ಹುಡುಗನಿಗೆ ಅಕ್ಕ, “ನಿನ್ನ ವೆಲ್ಕಮ್ ಸೆಂಟರು ನೋಡಿಬಂದೆ ಕಣೋ” ಎಂದಳು. ನನಗೆ ಮಾತ್ರ ಅಷ್ಟು ಸುಲಭವಾಗಿ ಸಮಾಧಾನವಾಗಲಿಲ್ಲ. ಒಬ್ಬಳ ಒಳ್ಳೆಯತನವಿದ್ದ ಕಡೆ ಮಾತ್ರ ದಾರಿಹೋಕರು ಬದುಕಬೇಕೇ? ದಿನಕ್ಕೆ ನೂರು ಜನ ಬಂದರೆ ಆ ಬಕೆಟ್ಟನ್ನು ತುಂಬುವವರಾರು?

ಅರಸೀಕೆರೆಯ ಶಿವಾಲಯದಲ್ಲಿ ನಕ್ಷತ್ರದಾಕಾರದ ಮಂಟಪವನ್ನು ಸುತ್ತಿ ನೋಡಿ, ಬಾಣಾವರದ ಮೇಲೆ ಹೊರಟೆವು. ಜಾವಗಲ್ಲಿನ ಹತ್ತಿರ ರಸ್ತೆ ಬದಿಯಲ್ಲಿ ಎಳನೀರಿನ ರಾಶಿ ಕಂಡು, ಗಾಡಿ ನಿಲ್ಲಿಸೆಂದವಳು ಅಕ್ಕನೇ. ಕುಡಿದು, ಗಂಜಿ ಕೆತ್ತಿಸಿ ತಿಂದು, ಸೆರಗಿನಿಂದ ಬಾಯಿ ಒರೆಸಿಕೊಂಡು ಅಂಗಡಿಯವನನ್ನು ಕೇಳಿದಳು:

“ಹಳೇಬೀಡು ಇನ್ನೆಷ್ಟು ದೂರಪ್ಪ?”

“ಅರ್ಧ ಗಂಟೆ ಅಮ್ಮಾ.”

“ಗುಡಿ ಹತ್ತಿರ ಹೆಂಗಸರಿಗೆ ಅನುಕೂಲ ಇದೆಯೋ?”

“ಐತೆ.”

“ಬೀಗ ಹಾಕಿರಲ್ಲ ತಾನೆ?”

“ಇಲ್ಲಮ್ಮ, ಹೊರದೇಶದೋರು ಬರ್ತಾರಲ್ಲ, ತೆಗ್ದೇ ಇರ್ತದೆ.”

ಅಕ್ಕ ಒಂದು ಗಳಿಗೆ ಯೋಚಿಸಿ, “ಹಾಗಾದರೆ ಇನ್ನೊಂದು ಕೊಚ್ಚಪ್ಪ” ಎಂದಳು.